ಅಂಗಿಯ ಬೆಲೆ 9 ಪೌಂಡ್ 15 ಪೆನ್ಸ್: ಚೀನೀ ಮಕ್ಕಳ ಇಂಗ್ಲಿಷ್ ಕಿವಿಯನ್ನು ಅಳೆಯೋದು ಹೇಗೆ?

ಪ್ರತಿ ವರ್ಷ ಜೂನ್ ಮೊದಲ ವಾರ ಮುಗಿಯುವಷ್ಟರಲ್ಲಿ ವಾಟ್ಸಾಪಿಗೆ ಚೀನಾದ ಕಾಲೇಜು ಪ್ರವೇಶ ಪರೀಕ್ಷೆ ಗಾವೊಕಾವೊದ ವಿಡಿಯೋಗಳು ಬಂದು ಬೀಳುತ್ತವೆ. ಪರೀಕ್ಷಾ ಕೇಂದ್ರದ ಮುಂದೆ ಪೊಲೀಸರು. ಹಾರ್ನ್ ಹೊಡೆಯಬೇಡಿ ಅನ್ನುವ ಬೋರ್ಡು. ಪಕ್ಕದ ಕಟ್ಟಡದ ಕೆಲಸ ಬಂದ್. ಒಳ್ಳೆಯದಾಗಲಿ ಅಂತ ಕೆಂಪು ಬಟ್ಟೆ ಉಟ್ಟು ಗೇಟಿನಾಚೆ ಕಾಯುವ ಅಮ್ಮಂದಿರು. ನಮ್ಮಲ್ಲೂ ಪರೀಕ್ಷೆ ಅಂದರೆ ಕೇಂದ್ರದ ಸುತ್ತ ನಿಷೇಧಾಜ್ಞೆ ಹಾಕುತ್ತಾರೆ, ಜೆರಾಕ್ಸ್ ಅಂಗಡಿ ಮುಚ್ಚಿಸುತ್ತಾರೆ. ಆದರೆ ಅದು ನಕಲು ತಡೆಯೋಕೆ. ಅಲ್ಲಿ ಹಾರ್ನ್ ನಿಲ್ಲಿಸೋಕೆ ಇನ್ನೊಂದು ಕಾರಣವೂ ಇದೆ. ಜೂನ್ 8ರ ಮಧ್ಯಾಹ್ನ ಒಳಗಿರುವ ಮಕ್ಕಳು ಇಂಗ್ಲಿಷ್ ಕೇಳಿಸಿಕೊಳ್ಳುತ್ತಿರುತ್ತಾರೆ. ಅದರಲ್ಲಿ ಕೆಲವು ಮಾತುಗಳನ್ನು ಒಂದೇ ಸಲ ಕೇಳಿಸುತ್ತಾರೆ. ಆ ಹೊತ್ತಿಗೆ ಲಾರಿಯೊಂದು ಪೋಂ ಅಂದರೆ ಉತ್ತರವೇ ಹೋಯಿತು.

ಇದನ್ನು ಸುಮ್ನೆ ತಮಾಷೆಗೆ ನೋಡಿ ಮುಂದಕ್ಕೆ ಕಳಿಸುವ ನಮ್ಮ ಮನೆಗಳಲ್ಲೂ ಈಗ ಐಇಎಲ್‌ಟಿಎಸ್ ಅಂತ, ವಿದೇಶಕ್ಕೆ ಓದೋಕೆ ಹೋಗುವವರು ಬರೆಯುವ ಇಂಗ್ಲಿಷ್ ಪರೀಕ್ಷೆಗೆ, ಹೆಡ್‌ಫೋನ್ ಹಾಕಿ ಕೂರುವ ಮಕ್ಕಳಿದ್ದಾರೆ. ಎಸ್ಸೆಸ್ಸೆಲ್ಸಿ ಬೋರ್ಡ್ ಪರೀಕ್ಷೆಯ ಮೂರು ಗಂಟೆಯಲ್ಲಿ ಒಂದೇ ಒಂದು ಇಂಗ್ಲಿಷ್ ವಾಕ್ಯ ಕೇಳಿಸಿಕೊಳ್ಳದೆ ಪಾಸಾದವರು ಅವರು. ಹಾಗಾಗಿ ಪ್ರಶ್ನೆ ನಮ್ಮದೂ ಹೌದು. ಒಬ್ಬ ಹುಡುಗನಿಗೆ ಇಂಗ್ಲಿಷ್ ಎಷ್ಟು ಕೇಳುತ್ತದೆ, ಎಷ್ಟು ಓದಿದರೆ ಅರ್ಥವಾಗುತ್ತದೆ ಅಂತ ಅಂಕದಲ್ಲಿ ಹೇಳೋದು ಹೇಗೆ? ಚೀನೀ ಮಾತಾಡುವ ಹೈಸ್ಕೂಲು ಮಕ್ಕಳ ಮೇಲೆ ಈ ಪ್ರಯೋಗ ಎಷ್ಟು ದೊಡ್ಡ ಪ್ರಮಾಣದಲ್ಲಿ, ಎಷ್ಟು ಬೇರೆ ಬೇರೆ ರೀತಿಯಲ್ಲಿ ನಡೆಯುತ್ತಿದೆ ಅಂದರೆ, ವಿಷಯ ಅರ್ಥಮಾಡಿಕೊಳ್ಳೋಕೆ ಅದಕ್ಕಿಂತ ಒಳ್ಳೆಯ ಜಾಗ ಸಿಗಲಿಕ್ಕಿಲ್ಲ.

ಮೊದಲು ಗಾವೊಕಾವೊ ಅಂದರೆ ಏನು

ಗಾವೊಕಾವೊ ಅಂದರೆ ಚೀನಾದ ಕಾಲೇಜು ಪ್ರವೇಶ ಪರೀಕ್ಷೆ. ನಮ್ಮ ಪಿಯುಸಿ, ಸಿಇಟಿ, ನೀಟ್ ಎಲ್ಲ ಸೇರಿಸಿ ಒಂದೇ ಗಂಟು ಕಟ್ಟಿದ ಹಾಗೆ. 1966ರಲ್ಲಿ ಸಾಂಸ್ಕೃತಿಕ ಕ್ರಾಂತಿ ಶುರುವಾದಾಗ ನಿಂತುಹೋಗಿದ್ದು 1977ರಲ್ಲಿ ಮತ್ತೆ ಶುರುವಾಯಿತು. 2024ರಲ್ಲಿ ಇದಕ್ಕೆ ಹೆಸರು ಕೊಟ್ಟವರು 1 ಕೋಟಿ 34 ಲಕ್ಷ. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ ಇತ್ತು, ಲೆಕ್ಕ ನೀವೇ ಹಾಕಿಕೊಳ್ಳಿ.

ಸಾಮಾನ್ಯವಾಗಿ ಒಟ್ಟು 750 ಅಂಕ. ಚೀನೀ ಭಾಷೆಗೆ 150, ಗಣಿತಕ್ಕೆ 150, ವಿದೇಶಿ ಭಾಷೆಗೆ 150. ವಿದೇಶಿ ಭಾಷೆಯಾಗಿ ಜಪಾನೀ, ರಷ್ಯನ್, ಜರ್ಮನ್, ಫ್ರೆಂಚ್, ಸ್ಪ್ಯಾನಿಶ್ ತೆಗೆದುಕೊಳ್ಳಬಹುದು, ಆದರೆ ಬಹುಪಾಲು ಮಕ್ಕಳು ತೆಗೆದುಕೊಳ್ಳೋದು ಇಂಗ್ಲಿಷನ್ನೇ. 2013ರಲ್ಲಿ ಬೀಜಿಂಗ್ ನಗರ ಇಂಗ್ಲಿಷಿನ ಅಂಕವನ್ನು 150ರಿಂದ 100ಕ್ಕೆ ಇಳಿಸುವ ಪ್ರಸ್ತಾಪ ಮುಂದಿಟ್ಟಿತ್ತು. ದೊಡ್ಡ ಗಲಾಟೆಯೇ ಆಯಿತು, ಕೊನೆಗೆ ಇಳಿಸಲಿಲ್ಲ.

ರಾಷ್ಟ್ರಮಟ್ಟದ ಹೊಸ ಮಾದರಿಯ ಪತ್ರಿಕೆಯಲ್ಲಿ ಈ 150 ಹೀಗೆ ಹಂಚಿಹೋಗುತ್ತದೆ: ಕೇಳಿಸಿಕೊಳ್ಳೋದಕ್ಕೆ 30, ಓದಿಗೆ 50, ಬಿಟ್ಟ ಸ್ಥಳ ತುಂಬುವಂಥ ಭಾಷಾ ಬಳಕೆಗೆ 30, ಬರವಣಿಗೆಗೆ 40. ಅಂದರೆ ಕಿವಿ ಮತ್ತು ಕಣ್ಣು ಸೇರಿ 80, ಅರ್ಧಕ್ಕಿಂತ ಜಾಸ್ತಿ. ಎಲ್ಲ ಪ್ರಾಂತ್ಯಗಳಲ್ಲೂ ಒಂದೇ ಥರ ಇಲ್ಲ ಅನ್ನೋದು ನೆನಪಿರಲಿ. ಗ್ವಾಂಗ್‌ಡಾಂಗ್ ಪ್ರಾಂತ್ಯದಲ್ಲಿ ಕೇಳೋದು, ಮಾತಾಡೋದು ಎರಡನ್ನೂ ಮುಖ್ಯ ಪರೀಕ್ಷೆಗೆ ಮೊದಲೇ ಕಂಪ್ಯೂಟರ್ ಮುಂದೆ ಕೂರಿಸಿ ಮುಗಿಸುತ್ತಾರೆ, ಅದಕ್ಕೆ 20 ಅಂಕ.

ಇಂಗ್ಲಿಷ್ ಪರೀಕ್ಷೆ ಶುರುವಾಗೋದು ಮಧ್ಯಾಹ್ನ 3ಕ್ಕೆ. ಬೇರೆ ವಿಷಯವಾದರೆ ಸ್ವಲ್ಪ ತಡವಾಗಿ ಬಂದರೂ ಒಳಗೆ ಬಿಡುತ್ತಾರೆ. ಇಂಗ್ಲಿಷಿಗೆ ಹಾಗಿಲ್ಲ. 2:45ಕ್ಕೆ ಬಾಗಿಲು ಹಾಕಿದರೆ ಮುಗಿಯಿತು, ಆಮೇಲೆ ಅತ್ತರೂ ತೆಗೆಯೋದಿಲ್ಲ. ಕಾರಣ ಅದೇ, ಶುರುವಾಗುತ್ತಿದ್ದ ಹಾಗೇ ಧ್ವನಿ ಬರುತ್ತದೆ.

ಅಂಗಿಯ ಬೆಲೆ ಎಷ್ಟು?

ಈಗ ಹತ್ತಿರದಿಂದ ಒಂದು ಪ್ರಶ್ನೆ ನೋಡೋಣ. ಚೀನಾದಲ್ಲಿ ಹೈಸ್ಕೂಲು ಓದಿದ ಯಾರನ್ನೇ ನಿಲ್ಲಿಸಿ, ಅಂಗಿಯ ಬೆಲೆ ಎಷ್ಟು ಅಂತ ಕೇಳಿ. ನಗುತ್ತಾ 9 ಪೌಂಡ್ 15 ಪೆನ್ಸ್ ಅನ್ನುತ್ತಾರೆ. ಧ್ವನಿ ಸರಿಯಾಗಿ ಬರುತ್ತಿದೆಯಾ ಅಂತ ನೋಡೋಕೆ, ಪರೀಕ್ಷೆಯ ರೀತಿ ತೋರಿಸೋಕೆ ಹಾಕುವ ಮಾದರಿ ಪ್ರಶ್ನೆ ಅದು. ವರ್ಷಾನುಗಟ್ಟಲೆ ಅದೇ ಅಂಗಿ, ಅದೇ ಬೆಲೆ. ಹಾಗಾಗಿ ಒಂದು ತಲೆಮಾರಿಗೇ ಅದೊಂದು ಜೋಕ್ ಆಗಿಬಿಟ್ಟಿದೆ.

ಗಂಡಸೊಬ್ಬ ಕೇಳುತ್ತಾನೆ, ಈ ಅಂಗಿಗೆ ಎಷ್ಟು ಅಂತ. ಹೆಂಗಸು ಹೇಳುತ್ತಾಳೆ: ನೈನ್ ಫಿಫ್ಟೀನ್. ಪ್ರಶ್ನೆಪತ್ರಿಕೆಯಲ್ಲಿ ಮೂರು ಆಯ್ಕೆ ಇದೆ. ಎ, 19 ಪೌಂಡ್ 15. ಬಿ, 9 ಪೌಂಡ್ 18. ಸಿ, 9 ಪೌಂಡ್ 15. ಉತ್ತರ ಸಿ.

ಇಷ್ಟೇನಾ ಅನ್ನಿಸಬಹುದು. ಆದರೆ ತಪ್ಪು ಉತ್ತರಗಳನ್ನು ನೋಡಿ, ಬಾಯಿಗೆ ಬಂದ ಹಾಗೆ ಹಾಕಿದ್ದಲ್ಲ ಅವು. ನೈನ್ ಮತ್ತು ನೈನ್‌ಟೀನ್ ನಡುವೆ ತಡಬಡಾಯಿಸುವವನು ಎ ಕಡೆ ಜಾರುತ್ತಾನೆ. ಫಿಫ್ಟೀನ್, ಏಯ್ಟೀನ್ ಎರಡೂ ಟೀನ್ ಅಂತಲೇ ಮುಗಿಯುತ್ತವೆ, ಕೊನೆ ಮಾತ್ರ ಕೇಳಿದವನು ಬಿ ಕಡೆ ಹೋಗುತ್ತಾನೆ. ಒಳ್ಳೆಯ ಪ್ರಶ್ನೆಯಲ್ಲಿ ತಪ್ಪು ಆಯ್ಕೆಯೂ ಏನಾದರೂ ಹೇಳಬೇಕು: ಈ ಮಗು ಎಲ್ಲಿ ಎಡವಿತು ಅಂತ. ಮೀನು ಹಿಡಿಯೋಕೆ ಯಾವ ಗಾಳಕ್ಕೆ ಯಾವ ಎರೆ ಅಂತ ಗೊತ್ತಿರಬೇಕಲ್ಲ, ಹಾಗೆ.

ಇನ್ನೂ ಒಂದು ವಿಷಯ. ಹೆಂಗಸು ಪೌಂಡ್ ಅನ್ನುವ ಪದವನ್ನೇ ಹೇಳೋದಿಲ್ಲ. ಬರೀ ನೈನ್ ಫಿಫ್ಟೀನ್ ಅಂದರೆ ಒಂಬತ್ತೂಕಾಲು ಗಂಟೆಯೂ ಆಗಬಹುದು. ಅಂಗಿಯ ಮಾತು ನಡೀತಿದೆ, ಎಷ್ಟು ಅಂತ ಕೇಳಿದ್ದಾನೆ, ಹಾಗಾಗಿ ಇದು ಬೆಲೆ ಅಂತ ತಲೆ ಜೋಡಿಸಿಕೊಳ್ಳಬೇಕು. ಕಿವಿಗೆ ಶಬ್ದ ಬೀಳೋದು ಬೇರೆ, ಅರ್ಥವಾಗೋದು ಬೇರೆ. ಕೇಳಿಸಿಕೊಳ್ಳುವ ಪರೀಕ್ಷೆ ಎರಡನ್ನೂ ಅಳೆಯಬೇಕು.

ನಿಜವಾದ ಪ್ರಶ್ನೆಗಳಲ್ಲಿ ಎರೆ ಇನ್ನೂ ಚುರುಕು. ನಾನೇ ಒಂದು ಕಟ್ಟಿ ಹೇಳುತ್ತೇನೆ. ಹುಡುಗ: ಸೋಮವಾರ ಲೈಬ್ರರಿಯಲ್ಲಿ ಸಿಗೋಣವಾ? ಹುಡುಗಿ: ಸೋಮವಾರ ಅದು ಮುಚ್ಚಿರುತ್ತೆ ಕಣೋ, ಎದುರುಗಡೆ ಕೆಫೆ ಇದೆಯಲ್ಲ, ಅಲ್ಲೇ ವಾಸಿ. ಪ್ರಶ್ನೆ: ಇಬ್ಬರೂ ಎಲ್ಲಿ ಸಿಗುತ್ತಾರೆ? ಮೊದಲು ಕಿವಿಗೆ ಬಿದ್ದದ್ದು ಲೈಬ್ರರಿ. ಅರ್ಧಂಬರ್ಧ ಕೇಳಿದವನು ಅದನ್ನೇ ಹಿಡಿದುಕೊಳ್ಳುತ್ತಾನೆ. ಕೋಚಿಂಗ್ ಕೊಡುವವರು ಇದನ್ನು ಎಂದೋ ಪತ್ತೆ ಮಾಡಿ, ಮೊದಲು ಕೇಳಿದ ಪದ ಇರುವ ಆಯ್ಕೆಯನ್ನು ಬಿಟ್ಟುಬಿಡಿ ಅಂತ ಹೇಳಿಕೊಡುತ್ತಾರೆ. ಪ್ರಶ್ನೆ ತಯಾರಿಸುವವರಿಗೂ ಅದು ಗೊತ್ತು, ಆಗಾಗ ಮೊದಲ ಪದವನ್ನೇ ಸರಿಯುತ್ತರ ಮಾಡಿ ಇಡುತ್ತಾರೆ. ಬೆಕ್ಕು ಇಲಿ ಆಟ.

ಚೀನೀ ಕಿವಿಗೆ ಯಾವುದು ಕಷ್ಟ?

ಮ್ಯಾಂಡರಿನ್ ಅಂದರೆ ಚೀನಾದ ಅಧಿಕೃತ ಮಾತು. ಅದರಲ್ಲಿ ಒಂದು ಉಚ್ಚಾರದ ತುಂಡು ಮುಗಿಯೋದು ಸ್ವರದಲ್ಲಿ, ಇಲ್ಲವೇ ನ್, ಙ್ ಥರದ ಮೂಗಿನ ಶಬ್ದದಲ್ಲಿ. ಟ್, ಡ್, ಕ್, ಸ್ ಅಂತ ಥಟ್ಟನೆ ನಿಲ್ಲುವುದಿಲ್ಲ. ನಮಗೆ ಇದು ಚೆನ್ನಾಗಿ ಅರ್ಥವಾಗಬೇಕು. ಕನ್ನಡಕ್ಕೂ ಪದದ ಕೊನೆಯಲ್ಲಿ ಬರೀ ವ್ಯಂಜನ ನಿಂತರೆ ಸಮಾಧಾನವಿಲ್ಲ, ಅದಕ್ಕೇ ಬಸ್ಸು, ಕಾರು, ಟಿಕೆಟ್ಟು, ಬ್ಯಾಂಕು ಅಂತ ಉಕಾರ ಅಂಟಿಸಿಕೊಳ್ಳುತ್ತೇವೆ.

ಇಂಗ್ಲಿಷಿನಲ್ಲಿ ಆ ಕೊನೆಯ ಪುಟ್ಟ ವ್ಯಂಜನದಲ್ಲೇ ಎಷ್ಟೋ ಅರ್ಥ ಇದೆ. ವಾಕ್ ಅಂದರೆ ನಡೆ, ವಾಕ್ಡ್ ಅಂದರೆ ನಡೆದ. ಬುಕ್ ಒಂದು, ಬುಕ್ಸ್ ಹಲವು. ಅಮೆರಿಕದ ಉಚ್ಚಾರದಲ್ಲಿ ಬರಬಲ್ಲೆ (ಕ್ಯಾನ್) ಅನ್ನೋಕೂ ಬರಲಾರೆ (ಕ್ಯಾಂಟ್) ಅನ್ನೋಕೂ ನಡುವೆ ಇರೋದು ಪೂರ್ತಿ ಕೇಳಿಸದ ಒಂದು ಟ್. ಆ ಟ್ ಹೋಯಿತೆಂದರೆ ಇಡೀ ಸಂಭಾಷಣೆ ತಲೆಕೆಳಗು. ಅದರ ಜೊತೆಗೆ ಚೀನೀ ಕ್ರಿಯಾಪದಕ್ಕೆ ಕಾಲದ ಪ್ರಕಾರ ರೂಪ ಬದಲಾಗೋದಿಲ್ಲ. ನಿನ್ನೆ ಅನ್ನುವ ಪದ, ಇಲ್ಲವೇ ಪಕ್ಕದಲ್ಲಿ ಒಂದು ಪುಟ್ಟ ಪದ ಹಾಕಿ ತಿಳಿಸುತ್ತಾರೆ. ಅಂದಮೇಲೆ ಕ್ರಿಯಾಪದದ ಬಾಲ ಹಿಡಿದು ಕಾಲ ಪತ್ತೆ ಮಾಡುವ ಅಭ್ಯಾಸವೇ ಆ ಕಿವಿಗೆ ಚಿಕ್ಕಂದಿನಿಂದ ಇರೋದಿಲ್ಲ.

ಇನ್ನೊಂದು ಮಜಾ ಇದೆ. ಅವನು, ಅವಳು, ಅದು ಮೂರಕ್ಕೂ ಮ್ಯಾಂಡರಿನ್ ಮಾತಿನಲ್ಲಿ ಒಂದೇ ಶಬ್ದ: ತಾ. ಬರೆಯುವಾಗ ಮಾತ್ರ ಬೇರೆ ಬೇರೆ ಅಕ್ಷರ. ಹಾಗಾಗಿ ಇಂಗ್ಲಿಷಿನ ಹೀ, ಷೀ ಓಡಿಹೋಗುವಾಗ ಯಾರ ಬಗ್ಗೆ ಮಾತು ಅನ್ನೋದು ಕೈತಪ್ಪುತ್ತದೆ. ಕನ್ನಡದವರಿಗೆ ಈ ಕಷ್ಟ ಇಲ್ಲ, ನಮಗೆ ಅವಳು ಬಂದಳು ಅಂತ ಕ್ರಿಯಾಪದವೇ ಸಾರಿ ಹೇಳುತ್ತದೆ.

ಅಂಕಿಗಳ ವಿಷಯಕ್ಕೆ ಬಂದರೆ ನಾವೂ ಅವರೂ ಒಂದೇ ದೋಣಿಯವರು. ಚೀನೀ ಲೆಕ್ಕದ ಗಂಟು ಹತ್ತು ಸಾವಿರ, ಅದಕ್ಕೆ ವಾನ್ ಅನ್ನುತ್ತಾರೆ. ನಮ್ಮ ಗಂಟು ಲಕ್ಷ. ತ್ರೀ ಹಂಡ್ರೆಡ್ ಥೌಸಂಡ್ ಅಂತ ಕೇಳಿದ ತಕ್ಷಣ ಆ ಹುಡುಗಿ ಮನಸ್ಸಿನಲ್ಲೇ 30 ವಾನ್ ಮಾಡಿಕೊಳ್ಳಬೇಕು, ನಾವು 3 ಲಕ್ಷ ಮಾಡಿಕೊಳ್ಳಬೇಕು. ಬಿಬಿಸಿ ಸುದ್ದಿ ಕೇಳುವಾಗ ಮಿಲಿಯನ್ ಬಂದರೆ ಅರೆಕ್ಷಣ ನಿಲ್ಲುತ್ತೇವಲ್ಲ, ಅದೇ. ಆ ಅರೆಕ್ಷಣದಲ್ಲಿ ಮುಂದಿನ ವಾಕ್ಯ ಹೋಗಿರುತ್ತದೆ.

ಹಾಂಗ್‌ಕಾಂಗಿನ ಕ್ಯಾಂಟನೀಸ್ ಮಾತು ಸ್ವಲ್ಪ ಬೇರೆ. ಅಲ್ಲಿ ಪ್, ಟ್, ಕ್ ಕೊನೆಯಲ್ಲಿ ಬರುತ್ತವೆ, ಆದರೆ ತುಟಿಯೋ ನಾಲಗೆಯೋ ಅಲ್ಲೇ ತಡೆದು ನಿಲ್ಲುತ್ತದೆ, ಶಬ್ದ ಹೊರಗೆ ಬರೋದಿಲ್ಲ. ಚೀನೀ ಮಾತಾಡುವವರು ಅಂತ ಒಂದೇ ಹೆಸರು ಹಾಕಿದರೂ ಕಿವಿಗಳು ಒಂದೇ ಅಲ್ಲ.

ಕಿವಿ ಪರೀಕ್ಷೆಯೋ, ನೆನಪಿನ ಪರೀಕ್ಷೆಯೋ?

ಪರೀಕ್ಷೆ ತಯಾರಿಸುವವರ ದೊಡ್ಡ ತಲೆನೋವು ಇದು. ಅಳೆಯಬೇಕಾದ್ದನ್ನೇ ಅಳೆಯುತ್ತಿದ್ದೇವಾ? ತಕ್ಕಡಿಯಲ್ಲಿ ಅಕ್ಕಿ ತೂಗುವಾಗ ಡಬ್ಬದ ತೂಕವೂ ಸೇರಿದರೆ ಲೆಕ್ಕ ತಪ್ಪು. ಕೇಳಿಸಿಕೊಳ್ಳುವ ಪರೀಕ್ಷೆಗೆ ಅಂಥ ಡಬ್ಬಗಳು ಎರಡು ಮೂರಿವೆ.

ಒಂದು, ನೆನಪು. ಮೂರು ನಿಮಿಷದ ಮಾತು ಕೇಳಿಸಿ ಆಮೇಲೆ ಪ್ರಶ್ನೆ ಕೊಟ್ಟರೆ, ಅರ್ಥವಾಗಿದ್ದೂ ಮರೆತುಹೋಗಿರಬಹುದು. ಅದಕ್ಕೇ ಗಾವೊಕಾವೊದಲ್ಲಿ ಪ್ರಶ್ನೆಗಳು ಮೊದಲೇ ಕಣ್ಣ ಮುಂದೆ ಇರುತ್ತವೆ. ಒಟ್ಟು 20 ಪ್ರಶ್ನೆ, ಒಂದಕ್ಕೆ ಒಂದೂವರೆ ಅಂಕ. ಮೊದಲ ಐದು ಪುಟ್ಟ ಸಂಭಾಷಣೆ, ಒಂದೇ ಸಲ ಕೇಳಿಸುತ್ತಾರೆ. ಉಳಿದ 15 ಪ್ರಶ್ನೆಗಳಿಗೆ ಉದ್ದನೆಯ ಮಾತು, ಅದನ್ನು ಎರಡು ಸಲ ಕೇಳಿಸುತ್ತಾರೆ. ಪ್ರತಿ ಪ್ರಶ್ನೆ ಓದೋಕೆ 5 ಸೆಕೆಂಡ್, ಉತ್ತರಿಸೋಕೆ 5 ಸೆಕೆಂಡ್. ಎಲ್ಲ ಸೇರಿ ಸುಮಾರು 20 ನಿಮಿಷ.

ಆದರೆ ಪ್ರಶ್ನೆ ಮೊದಲೇ ಕೊಟ್ಟರೆ ಎರಡನೇ ಡಬ್ಬ ಬಂತು: ಓದು. ಐದು ಸೆಕೆಂಡಿನಲ್ಲಿ ಪ್ರಶ್ನೆ, ಮೂರು ಆಯ್ಕೆ ಎಲ್ಲ ಓದಿ ಮುಗಿಸದವನು, ಕಿವಿ ಚುರುಕಾಗಿದ್ದರೂ ಸೋಲುತ್ತಾನೆ. ಮೂರನೇದು ಅದೃಷ್ಟ. ಮೂರೇ ಆಯ್ಕೆ ಇದ್ದರೆ ಕಣ್ಣುಮುಚ್ಚಿ ಗುರುತು ಹಾಕಿದರೂ ಸರಾಸರಿ 30ಕ್ಕೆ 10 ಬರುತ್ತದೆ. 10 ಅಂಕ ತಗೊಂಡ ಹುಡುಗನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತದೆ ಅಂದುಕೊಂಡರೆ ಮೋಸ ಹೋದಿರಿ. ಅವನಿಗೆ ಏನೂ ಬಾರದೆಯೂ ಇರಬಹುದು.

ಎರಡು ಸಲ ಕೇಳಿಸೋದು ಸರಿಯಾ ಅನ್ನುವ ವಾದ ಮುಗಿಯೋದೇ ಇಲ್ಲ. ಜೀವನದಲ್ಲಿ ಯಾರೂ ಎರಡು ಸಲ ಹೇಳೋದಿಲ್ಲ, ಐಇಎಲ್‌ಟಿಎಸ್‌ನಲ್ಲಿ 40 ಪ್ರಶ್ನೆಗೂ ಒಂದೇ ಸಲ ಕೇಳಿಸೋದು ಅನ್ನುತ್ತಾರೆ ಒಂದು ಕಡೆಯವರು. ಆದರೆ ಜೀವನದಲ್ಲಿ ಆಂ? ಅಂತ ಕೇಳಿದರೆ ಎದುರಿನವರು ಮತ್ತೆ ಹೇಳುತ್ತಾರಲ್ವಾ. ನನಗಂತೂ ಎರಡು ಸಲ ಕೇಳಿಸೋದೇ ನ್ಯಾಯ ಅನ್ನಿಸುತ್ತದೆ. ಒಂದು ಕೆಮ್ಮು ಒಂದು ಮಗುವಿನ ಕಾಲೇಜು ತಪ್ಪಿಸಬಾರದು.

ಓದಿನ ಪ್ರಶ್ನೆ: ಬಸ್ ವೇಳಾಪಟ್ಟಿಯಿಂದ ವಿಜ್ಞಾನದವರೆಗೆ

ಓದಿನ ಭಾಗದಲ್ಲಿ ಮೊದಲು ನಾಲ್ಕು ಬರಹ ಇರುತ್ತವೆ, ಎ ಇಂದ ಡಿ ತನಕ. 15 ಪ್ರಶ್ನೆ, ಒಂದಕ್ಕೆ ಎರಡೂವರೆ ಅಂಕ. ಎ ಸಾಮಾನ್ಯವಾಗಿ ಜಾಹೀರಾತು, ವೇಳಾಪಟ್ಟಿ, ಪ್ರವಾಸದ ಮಾಹಿತಿ ಥರದ್ದು. ಅಲ್ಲಿ ಬೇಕಾದ ಮಾಹಿತಿ ಹುಡುಕಿದರೆ ಸಾಕು. ಡಿ ತಲುಪುವಷ್ಟರಲ್ಲಿ ವಿಜ್ಞಾನ, ಸಮಾಜ, ಸಂಶೋಧನೆ ಅಂತ ವಾಕ್ಯಗಳು ಉದ್ದವಾಗುತ್ತವೆ, ಬರೆದವರ ಅಭಿಪ್ರಾಯ ಏನು ಅನ್ನುವಂಥ, ನೇರ ಉತ್ತರ ಇಲ್ಲದ ಪ್ರಶ್ನೆಗಳು ಬರುತ್ತವೆ. ಹೈಸ್ಕೂಲು ಮುಗಿಸುವಾಗ ಸುಮಾರು 3000 ಪದ ಗೊತ್ತಿರಬೇಕು ಅನ್ನೋದು ಪಠ್ಯಕ್ರಮದ ಲೆಕ್ಕ. ಅಲ್ಲಿ ಇಂಗ್ಲಿಷ್ ಶುರುವಾಗೋದು ಸಾಮಾನ್ಯವಾಗಿ ಮೂರನೇ ತರಗತಿಯಿಂದ, 2001ರಿಂದ ಹಂತ ಹಂತವಾಗಿ ಹಾಗೆ ಮಾಡಿಕೊಂಡು ಬಂದರು.

ಉದ್ದ ವಾಕ್ಯ ಯಾಕೆ ಕಷ್ಟ ಅನ್ನೋದನ್ನು ಕನ್ನಡದವರಿಗೆ ವಿವರಿಸೋದು ಸುಲಭ. ನಾವು ನಿನ್ನೆ ಸಂತೆಯಲ್ಲಿ ಕೊಂಡ ಕೊಡೆ ಅನ್ನುತ್ತೇವೆ. ವಿವರ ಮೊದಲು, ವಸ್ತು ಕೊನೆಗೆ. ಚೀನೀ ಭಾಷೆಯೂ ಇದೇ ಕ್ರಮ. ಇಂಗ್ಲಿಷ್ ಉಲ್ಟಾ: ಮೊದಲು ಕೊಡೆ, ಆಮೇಲೆ ಬಾಲದ ಹಾಗೆ ವಿವರ, ಆ ವಿವರಕ್ಕೆ ಇನ್ನೊಂದು ಬಾಲ. ವಾಕ್ಯದ ಕ್ರಿಯಾಪದ ಬರುವಷ್ಟರಲ್ಲಿ ಯಾವುದರ ಬಗ್ಗೆ ಹೇಳುತ್ತಿದ್ದರು ಅನ್ನೋದೇ ಮರೆತಿರುತ್ತದೆ.

ನನಗೆ ತುಂಬಾ ಇಷ್ಟವಾದದ್ದು ಏಳರಲ್ಲಿ ಐದು ಅನ್ನುವ ಪ್ರಶ್ನೆ. ಒಂದು ಬರಹದಿಂದ ಐದು ವಾಕ್ಯ ಕಿತ್ತಿರುತ್ತಾರೆ. ಕೆಳಗೆ ಏಳು ವಾಕ್ಯ ಕೊಟ್ಟಿರುತ್ತಾರೆ. ಐದನ್ನು ಸರಿಯಾದ ಜಾಗಕ್ಕೆ ಕೂರಿಸಬೇಕು, ಎರಡು ಹೆಚ್ಚುವರಿ. ಕನ್ನಡದಲ್ಲೇ ಒಂದು ತುಣುಕು ಮಾಡಿ ನೋಡೋಣ.

ಅಜ್ಜಿ ಊರಿಂದ ಎರಡು ಚೀಲ ತಂದಿದ್ದರು. (ಖಾಲಿ ಜಾಗ) ಇನ್ನೊಂದನ್ನು ಬಿಚ್ಚಿದರೆ ಹುರಿಗಡಲೆ.

ಇಲ್ಲಿಗೆ ಯಾವುದು? ಅಜ್ಜಿಗೆ ಹಪ್ಪಳ ಅಂದರೆ ಪ್ರಾಣ, ಅನ್ನುವ ವಾಕ್ಯವಾ? ಒಂದರಲ್ಲಿ ಹಲಸಿನ ಹಪ್ಪಳ ಇತ್ತು, ಅನ್ನುವ ವಾಕ್ಯವಾ? ಎರಡನೆಯದು ಅಂತ ನೀವು ಯೋಚಿಸದೇ ಹೇಳಿದಿರಿ. ಹಪ್ಪಳ, ಹುರಿಗಡಲೆ ಯಾವುದೂ ದಾರಿ ತೋರಿಸಲಿಲ್ಲ. ದಾರಿ ತೋರಿಸಿದ್ದು ಇನ್ನೊಂದನ್ನು ಅನ್ನುವ ಪದ. ಇನ್ನೊಂದು ಬರಬೇಕಾದರೆ ಹಿಂದೆ ಒಂದು ಇರಲೇಬೇಕು. ಇಂಗ್ಲಿಷಿನಲ್ಲಿ ಈ ಕೆಲಸ ಮಾಡುವ ಪುಟ್ಟ ಪದಗಳನ್ನು ಮಗು ಗಮನಿಸುತ್ತದಾ ಅಂತ ಈ ಪ್ರಶ್ನೆ ನೋಡುತ್ತದೆ. ನಿಘಂಟು ಬಾಯಿಪಾಠ ಮಾಡಿ ಇದನ್ನು ಗೆಲ್ಲೋಕಾಗಲ್ಲ. ಒಂದು ಜಾಗ ತಪ್ಪಿದರೆ ಅಲ್ಲಿಗೆ ಹಾಕಿದ ವಾಕ್ಯ ಇನ್ನೊಂದು ಕಡೆಗೆ ಸಿಗದೆ ಎರಡು ತಪ್ಪಾಗಬಹುದು, ಅದು ಇದರ ಕೊರತೆ.

ಹಾಂಗ್‌ಕಾಂಗ್: ಬರುವಾಗ ರೇಡಿಯೋ ತನ್ನಿ

ಹಾಂಗ್‌ಕಾಂಗಿನಲ್ಲಿ ಗಾವೊಕಾವೊ ಇಲ್ಲ. ಅಲ್ಲಿ 2012ರಿಂದ ಡಿಎಸ್‌ಇ ಅನ್ನುವ ಪರೀಕ್ಷೆ. ಅದರ ಇಂಗ್ಲಿಷ್ ಲಿಸನಿಂಗ್ ನಡೆಯುವ ರೀತಿ ಕೇಳಿದರೆ ನಮ್ಮ ಹಿರಿಯರಿಗೆ ಆಕಾಶವಾಣಿ ನೆನಪಾಗಬೇಕು. ಧ್ವನಿ ಬರೋದು ಸರಕಾರಿ ರೇಡಿಯೋ ಆರ್‌ಟಿಎಚ್‌ಕೆಯ ಎಫ್‌ಎಂನಲ್ಲಿ. ಮಕ್ಕಳು ತಮ್ಮದೇ ರೇಡಿಯೋ, ಇಯರ್‌ಫೋನ್, ಜೊತೆಗೊಂದು ಜೊತೆ ಬ್ಯಾಟರಿ ತಂದಿರುತ್ತಾರೆ. ಸಾವಿರಾರು ಮಕ್ಕಳು ಬೇರೆ ಬೇರೆ ಶಾಲೆಗಳಲ್ಲಿ ಕೂತು ಅದೇ ಕ್ಷಣಕ್ಕೆ ಅದೇ ವಾಕ್ಯ ಕೇಳುತ್ತಾರೆ. ನಡುವೆ ಕಾಯುವ ಹೊತ್ತಿನಲ್ಲಿ ಗ್ರೀನ್‌ಸ್ಲೀವ್ಸ್ ಅನ್ನುವ ಹಳೆಯ ಇಂಗ್ಲಿಷ್ ರಾಗ ಹಾಕುತ್ತಾರೆ. ಮಧುರವಾದ ರಾಗ, ಆದರೆ ಹಾಂಗ್‌ಕಾಂಗಿನಲ್ಲಿ ಓದಿದವರಿಗೆ ಅದು ಕೇಳಿದರೆ ಇವತ್ತಿಗೂ ಹೊಟ್ಟೆಯೊಳಗೆ ಏನೋ ಆಗುತ್ತದಂತೆ. ರೇಡಿಯೋ ಕೈಕೊಟ್ಟವರಿಗೆ ಪ್ರತ್ಯೇಕ ಕೋಣೆ ಇದೆ. ಕೆಲವು ಕೇಂದ್ರಗಳಲ್ಲಿ ಈಗ ರೇಡಿಯೋ ಬದಲು ಇನ್‌ಫ್ರಾರೆಡ್ ವ್ಯವಸ್ಥೆ ಬಂದಿದೆ.

ಪ್ರಶ್ನೆಯ ರೀತಿಯೂ ಬೇರೆ. ಬರೀ ಎ, ಬಿ, ಸಿ ಗುರುತು ಹಾಕಿ ಮುಗಿಯೋದಿಲ್ಲ. ಕೇಳುತ್ತಾ ಟಿಪ್ಪಣಿ ಮಾಡಿಕೊಳ್ಳಬೇಕು, ಕೊಟ್ಟಿರುವ ಕಾಗದಪತ್ರಗಳ ಕಟ್ಟನ್ನು ಓದಬೇಕು, ಎರಡೂ ಸೇರಿಸಿ ಒಂದು ಇಮೇಲೋ ವರದಿಯೋ ಬರೆಯಬೇಕು. ಆಫೀಸಿನಲ್ಲಿ ಮೀಟಿಂಗ್ ಮುಗಿಸಿ ಬಂದು ನಾವು ಮಾಡುವ ಕೆಲಸವೇ ಇದು. ಡಬ್ಬದ ತೂಕ ಸೇರುತ್ತದೆ ಅಂತ ಮೊದಲು ಹೇಳಿದೆನಲ್ಲ, ಇವರು ಡಬ್ಬ ಸಮೇತ ತೂಗೋಣ, ಜೀವನದಲ್ಲೂ ಹಾಗೇ ತಾನೇ ಅನ್ನುತ್ತಾರೆ.

ಓದು ಮತ್ತು ಕೇಳುವ ಪತ್ರಿಕೆಗಳಲ್ಲಿ ಒಂದು ಭಾಗ ಎಲ್ಲರಿಗೂ ಕಡ್ಡಾಯ. ಆಮೇಲೆ ಸುಲಭದ್ದು ಒಂದು, ಕಷ್ಟದ್ದು ಒಂದು, ಯಾವುದು ಬೇಕೋ ಆರಿಸಿಕೊಳ್ಳಬಹುದು. ಸುಲಭದ್ದು ಆರಿಸಿದವರಿಗೆ ಆ ಪತ್ರಿಕೆಯಲ್ಲಿ ಹೆಚ್ಚೆಂದರೆ 4ನೇ ಮಟ್ಟ ಸಿಗುತ್ತದೆ, ಅದರ ಮೇಲಿನ 5 ಮತ್ತು ನಕ್ಷತ್ರದ ಮಟ್ಟಗಳು ಇಲ್ಲ. ಧೈರ್ಯಕ್ಕೂ ಬೆಲೆ ಕಟ್ಟಿದ ಹಾಗೆ.

ತೈವಾನ್: ಅಂಕ ಬೇಡ, ದರ್ಜೆ ಸಾಕು

ತೈವಾನಿನವರು ಕೇಳಿಸಿಕೊಳ್ಳೋದನ್ನು ಮುಖ್ಯ ಪರೀಕ್ಷೆಯಿಂದ ಬೇರೆಯೇ ತೆಗೆದಿಟ್ಟಿದ್ದಾರೆ. ವರ್ಷಕ್ಕೆ ಎರಡು ಸಲ, 40 ಪ್ರಶ್ನೆ, 60 ನಿಮಿಷ. ಚಿತ್ರ ನೋಡಿ ಗುರುತಿಸೋದು, ಒಂದು ಮಾತಿಗೆ ಸರಿಯಾದ ಮರುಮಾತು ಹುಡುಕೋದು, ಪುಟ್ಟ ಸಂಭಾಷಣೆ, ಪುಟ್ಟ ಭಾಷಣ. ಫಲಿತಾಂಶ ಎ, ಬಿ, ಸಿ, ಎಫ್ ಅಂತ ನಾಲ್ಕೇ ದರ್ಜೆ. ಒಂದೊಂದು ಅಂಕಕ್ಕೂ ಜಗಳವಿಲ್ಲ. ಕಾಲೇಜಿನ ಕೆಲವು ವಿಭಾಗಗಳು ಕನಿಷ್ಠ ಇಂಥ ದರ್ಜೆ ಇರಲಿ ಅಂತ ಕೇಳುತ್ತವೆ, ಅಷ್ಟೇ. ಹೊಸಿಲು ದಾಟಿದರೆ ಒಳಗೆ.

ಅಲ್ಲಿ 2000ದಲ್ಲಿ ಶುರುವಾದ ಜಿಇಪಿಟಿ ಅನ್ನುವ ಇನ್ನೊಂದು ಪರೀಕ್ಷೆಯೂ ಇದೆ, ಅದರ ಮಧ್ಯಮ ಹಂತವನ್ನು ಹೈಸ್ಕೂಲು ಮುಗಿಸಿದವರ ಮಟ್ಟಕ್ಕೆ ಇಟ್ಟಿದ್ದಾರೆ. ಕೇಳೋದಕ್ಕೆ 120, ಓದಿಗೆ 120. ಮೊದಲ ಸುತ್ತು ಪಾಸಾಗೋಕೆ ಎರಡೂ ಸೇರಿ 160 ಬೇಕು, ಆದರೆ ಯಾವುದರಲ್ಲೂ 72ಕ್ಕಿಂತ ಕೆಳಗೆ ಇಳಿಯಬಾರದು. ಈ ಎರಡನೇ ಷರತ್ತಿನ ಮೇಲೆ ಕಣ್ಣಿಡಿ. ಓದಿನಲ್ಲಿ 110, ಕೇಳೋದರಲ್ಲಿ 60 ತಗೊಂಡವನ ಮೊತ್ತ 170, ಆದರೂ ಫೇಲು. ಪುಸ್ತಕ ಮಾತ್ರ ಓದಿ ಬಂದವರನ್ನು ತಡೆಯೋ ಬೇಲಿ ಅದು. ಓದೋಕೆ ಬರುತ್ತೆ, ಬಾಯಿ ಬಿಡೋಕೆ ಬರಲ್ಲ ಅನ್ನುವಂಥ ಇಂಗ್ಲಿಷಿಗೆ ಚೀನೀ ಮಾತಿನಲ್ಲಿ ಒಂದು ಹೆಸರೇ ಇದೆ, ಮೂಕ ಇಂಗ್ಲಿಷ್ ಅಂತ. ನಮ್ಮಲ್ಲಿ ಹೆಸರಿಲ್ಲ, ಆದರೆ ಜನ ಬೇಕಾದಷ್ಟಿದ್ದಾರೆ.

ಎರಡು ಸಲ ಪರೀಕ್ಷೆ ಮಾಡಿದರೆ ಏನಾಗುತ್ತದೆ?

ಒಂದೇ ದಿನದ ಮೇಲೆ ಮಗುವಿನ ಹಣೆಬರಹ ನಿಲ್ಲಬಾರದು ಅಂತ ಚೀನಾದ ಝೆಜಿಯಾಂಗ್ ಪ್ರಾಂತ್ಯ ಇಂಗ್ಲಿಷನ್ನು ಎರಡು ಸಲ ಬರೆಯೋಕೆ ಬಿಟ್ಟಿತು. ಯಾವುದು ಜಾಸ್ತಿಯೋ ಅದೇ ಲೆಕ್ಕಕ್ಕೆ. ಒಳ್ಳೆಯದೇ. ಆದರೆ ಎರಡು ಪತ್ರಿಕೆ ಒಂದೇ ಕಷ್ಟದ್ದು ಅಂತ ಹೇಳೋದು ಹೇಗೆ?

2018ರ ನವೆಂಬರ್ ಪರೀಕ್ಷೆ ಹಿಂದಿನದಕ್ಕಿಂತ ಕಷ್ಟವಾಯಿತು. ಅಧಿಕಾರಿಗಳು ಅದನ್ನು ಸರಿದೂಗಿಸೋಕೆ ಓದು ಮತ್ತು ಭಾಷಾ ಬಳಕೆಯ ಭಾಗದ ಕೆಲವು ಕಷ್ಟದ ಪ್ರಶ್ನೆಗಳಿಗೆ ಆಮೇಲೆ ತೂಕ ಹೆಚ್ಚಿಸಿದರು. ಫಲಿತಾಂಶ ಬಂದಾಗ ಮಕ್ಕಳ ಲೆಕ್ಕ ತಾಳೆಯಾಗಲಿಲ್ಲ. ಯಾಕೆ ಅಂತ ಯೋಚಿಸಿ. ಇಬ್ಬರು ಗೆಳೆಯರು ತಲಾ 20 ಪ್ರಶ್ನೆ ಸರಿ ಮಾಡಿದ್ದಾರೆ ಅನ್ನಿ. ತೂಕ ಹೆಚ್ಚಿಸಿದ ಪ್ರಶ್ನೆಗಳು ಯಾರ ಪಾಲಿಗೆ ಸರಿ ಬಂದವೋ ಅವರ ಅಂಕ ಏರಿತು, ಇನ್ನೊಬ್ಬರದು ಅಲ್ಲೇ ಉಳಿಯಿತು. ಅದೂ ಆಟ ಮುಗಿದ ಮೇಲೆ ನಿಯಮ ಬದಲಿಸಿದ್ದು. ಪೋಷಕರು ಸುಮ್ಮನಿರಲಿಲ್ಲ. ಪ್ರಾಂತ್ಯ ಸರಕಾರ ತನಿಖೆ ಮಾಡಿಸಿ, ಡಿಸೆಂಬರ್ 5ರಂದು ಅದು ತಪ್ಪು ನಿರ್ಧಾರ ಅಂತ ಒಪ್ಪಿಕೊಂಡು, ಎಲ್ಲರಿಗೂ ಮೂಲ ಅಂಕವನ್ನೇ ವಾಪಸ್ ಕೊಟ್ಟಿತು. ಶಿಕ್ಷಣ ಇಲಾಖೆಯ ಮುಖ್ಯಸ್ಥರ ಹುದ್ದೆಯೂ ಹೋಯಿತು.

ನಮ್ಮ ಜೆಇಇ ಮೇನ್ ಬೇರೆ ಬೇರೆ ಪಾಳಿಯಲ್ಲಿ ನಡೆದಾಗ ಅಂಕ ಬಿಟ್ಟು ಪರ್ಸೆಂಟೈಲ್ ಲೆಕ್ಕ ಹಿಡಿಯೋದು ಇದೇ ಸಮಸ್ಯೆಗೆ. ಕಷ್ಟದ ಪಾಳಿಯಲ್ಲಿ ಕೂತವನನ್ನು ಅದೇ ಪಾಳಿಯವರ ಜೊತೆ ಹೋಲಿಸುತ್ತಾರೆ. ಅದೂ ಪೂರ್ತಿ ಸರಿಯಲ್ಲ, ಆದರೆ ನಿಯಮ ಮೊದಲೇ ಗೊತ್ತಿರುತ್ತದೆ.

ಕಿವಿಯೇ ಕೇಳದ ಮಗು?

ಚೀನಾದಲ್ಲಿ ಕಿವಿ ಕೇಳದ ಮಕ್ಕಳಿಗೆ ಕೇಳಿಸಿಕೊಳ್ಳುವ ಭಾಗದಿಂದ ವಿನಾಯಿತಿ ಇದೆ. ಹಾಗಂತ ಅವರಿಗೆ 30ಕ್ಕೆ 30 ಕೊಡೋದಿಲ್ಲ, 30 ಅಂಕ ಕಳೆದುಕೊಳ್ಳಿ ಅಂತಲೂ ಅನ್ನೋದಿಲ್ಲ. ಉಳಿದ 120ಕ್ಕೆ ಎಷ್ಟು ಬಂತೋ ಅದನ್ನು 150ರ ಲೆಕ್ಕಕ್ಕೆ ಹಿಗ್ಗಿಸುತ್ತಾರೆ. 96 ಬಂದರೆ 120 ಆಗುತ್ತದೆ. ಓದು, ಬರಹದಲ್ಲಿ ಹೇಗೋ, ಕೇಳೋದರಲ್ಲೂ ಆ ಮಗು ಹಾಗೇ ಮಾಡುತ್ತಿತ್ತು ಅಂತ ಒಂದು ಊಹೆ ಅದು.

ಒಂದು ಷರತ್ತು ಮಾತ್ರ ಇದೆ. ಉಳಿದವರಿಗೆ ಧ್ವನಿ ಕೇಳಿಸುವ ಆ ಇಪ್ಪತ್ತು ನಿಮಿಷ ಈ ಮಕ್ಕಳು ಪ್ರಶ್ನೆಪತ್ರಿಕೆ ತಿರುವಿ ನೋಡುವಂತಿಲ್ಲ, ಏನೂ ಬರೆಯುವಂತಿಲ್ಲ. ಹೊರಗೆ ಲಾರಿಗಳು ಹಾರ್ನ್ ಹೊಡೆಯದೆ ನಿಂತಿರುತ್ತವೆ, ಪಕ್ಕದವರೆಲ್ಲ ತಲೆ ತಗ್ಗಿಸಿ ಗುರುತು ಹಾಕುತ್ತಿರುತ್ತಾರೆ, ಈ ಮಗು ಕೈಕಟ್ಟಿ ಕಾಯುತ್ತಿರುತ್ತದೆ.